ಅಟ್ಟೆಯೊಳಗಿನ ಚೀಟಿ

ಮಾರ್ಚ್ ೩, ಸೋಮವಾರ

ಈ ನೋಟ್‌ಬುಕ್ಕೂ ನನ್ನದಲ್ಲ, ಬರೆಯುವ ಹುಚ್ಚೂ ನನ್ನದಲ್ಲ. ಎರಡೂ ಪಾಸ್ಟರ್ ಕೊಟ್ಟಿದ್ದು. ಅರವತ್ತೇಳು ವರ್ಷದವನ ಕೈಗೆ ಗೆರೆ ಹಾಕಿದ ಪುಸ್ತಕ ಇಟ್ಟು, "ಹಿರಿಯರೇ, ದಿನಾ ಸ್ವಲ್ಪ ಬರೀರಿ. ಬಾಯಿಗೆ ಬರೋದು ಮೊದಲು ಕಾಗದಕ್ಕೆ ಬರಲಿ. ಯಾರೂ ಓದೋದಿಲ್ಲ" ಎಂದರು. ಯಾರೂ ಓದದ ಮೇಲೆ ಬರೆಯುವುದು ಯಾತಕ್ಕೆ? ನಾಲ್ಕನೇ ಕ್ಲಾಸಿಗೆ ಸ್ಲೇಟು ಎಸೆದು ಅಪ್ಪನ ಪಕ್ಕ ಜೋಡು ಹೊಲಿಯಲು ಕೂತವನು ನಾನು. ಒಂದು ಸಾಲಿಗಿಂತ ಹೆಚ್ಚು ಯಾವತ್ತೂ ಬರೆದಿಲ್ಲ. ಆ ಒಂದು ಸಾಲೇ ಈಗ ಕುತ್ತಿಗೆಗೆ ಬಂದಿದೆ. ಅದರ ಸುದ್ದಿ ಇವತ್ತು ಬೇಡ.

ನಿನ್ನೆ ಆರಾಧನೆಯಲ್ಲಿ ಪಾಸ್ಟರ್ "ಇಜ್ಜೋಡು", ಅಂದರೆ ಹೊಂದದ ಜೋಡಿ, ಎಂಬ ಒಂದು ಮಾತು ಹಿಡಿದು ಮುಕ್ಕಾಲು ಗಂಟೆ ಎಳೆದರು. ನಂಬಿಕೆ ಬೇರೆಯಾದವರ ಜೊತೆ ಒಂದೇ ನೊಗಕ್ಕೆ ಹೆಗಲು ಕೊಡಬಾರದಂತೆ, ಗೆರೆ ಸೊಟ್ಟಗಾಗುತ್ತದಂತೆ. ಎಲ್ಲರೂ ನನ್ನ ಕಡೆಯೇ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ನಾನಲ್ಲ, ಮುಟ್ಟಿಕೊಳ್ಳಲಿಲ್ಲ. ಆಮೇಲೆ ಚರ್ಚಿನ ಹಿರಿಯರ ಸಭೆಯಲ್ಲಿ ಆ ಮಾತು ನೇರವಾಗಿಯೇ ಬಂತು. ಸಭೆಯ ಹಿರಿಯನಾದವನು ಬೇರೆ ದೇವರನ್ನು ನಂಬುವವರ ಜೊತೆ ಅಂಗಡಿ ನಡೆಸುವುದು ಸರಿಯಲ್ಲ, ಒಂದು ಗಡಿ ಇರಬೇಕು, ಈಸ್ಟರ್‌ಗೆ ಮೊದಲು ಬೇರೆಯಾಗಿ ಎಂದರು. ನಾನು ಮೇಜು ಗುದ್ದಿದೆ. ಮೇಜು ಹಳೆಯದು, ಅದರ ಕಾಲು ಮುರಿದದ್ದು ನನ್ನ ತಪ್ಪಲ್ಲ.

ಬೇರೆ ದೇವರನ್ನು ನಂಬುವವರು ಅಂದರೆ ನನ್ನ ಭಾವ. ಅಕ್ಕನ ಗಂಡ. ಮೂವತ್ತೆಂಟು ವರ್ಷದಿಂದ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದೇವೆ. ಅವರು ತೊಗಲು ಕತ್ತರಿಸಿ ಮೇಲ್ಭಾಗ ಹೊಲಿಯುತ್ತಾರೆ, ನಾನು ಅಟ್ಟೆ ಕೂರಿಸಿ ಹಿಮ್ಮಡಿ ಹೊಡೆಯುತ್ತೇನೆ. ಅವರಿಲ್ಲದೆ ನನ್ನ ಅಟ್ಟೆಗೆ ಮೈಯಿಲ್ಲ, ನಾನಿಲ್ಲದೆ ಅವರ ತೊಗಲಿಗೆ ಕಾಲಿಲ್ಲ. ಅಕ್ಕ ಹೋಗಿ ಹನ್ನೊಂದು ವರ್ಷವಾದರೂ ಬೆಂಚು ಹಾಗೇ ಇದೆ.

ಹಾಗೇ ಇತ್ತು. ಗುರುವಾರದಿಂದ ಭಾವ ಬಂದಿಲ್ಲ.

ಮಾರ್ಚ್ ೪, ಮಂಗಳವಾರ

ಬರಲಿಲ್ಲ. ನರ್ಸಮ್ಮ ಒಬ್ಬರು ಬಂದು, "ನಮ್ಮ ಶೂ ಆಯ್ತಾ?" ಎಂದು ಕೇಳಿದರು. ಆಗಿಲ್ಲ ಎಂದೆ. ಯಾವಾಗ ಆಗುತ್ತೆ ಎಂದರು. ಆದಾಗ ಎಂದೆ. ಮುಖ ಊದಿಸಿಕೊಂಡು ಹೋದರು.

ಸರಿ, ಬರೆದೇ ಬಿಡುತ್ತೇನೆ. ಹೊಟ್ಟೆಯೊಳಗಿಟ್ಟುಕೊಂಡರೆ ಹುಳಿಯಾಗುತ್ತದೆ.

ಫೆಬ್ರವರಿಯಲ್ಲಿ ಜ್ವರ ಬಂದು ನಾನು ಹತ್ತು ದಿನ ಮಲಗಿದ್ದೆ. ಆ ಹತ್ತು ದಿನದಲ್ಲೇ ಭಾವನ ಬಲಗಾಲಿನ ಶೂ ನೀರು ಕುಡಿದು ಬಾಯಿ ಬಿಡಬೇಕೇ? ಅವರ ಶೂವನ್ನು ಯಾವಾಗಲೂ ನಾನೇ ಬಿಚ್ಚುವುದು, ನಾನೇ ಹೊಲಿಯುವುದು, ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಪ್ರೀತಿ ಎಂದುಕೊಂಡಿದ್ದರು ಪಾಪ. ಈ ಸಲ ನನಗಾಗಿ ಕಾಯದೆ ತೊಗಲು ಕೊಯ್ಯುವ ರಂಪಿಗೆ ತೆಗೆದುಕೊಂಡು ತಾವೇ ಅಟ್ಟೆ ಎಬ್ಬಿಸಿದ್ದಾರೆ. ಹೊರ ಅಟ್ಟೆಗೂ ಒಳ ಅಟ್ಟೆಗೂ ನಡುವೆ ಮೇಣದ ಕಾಗದದಲ್ಲಿ ಸುತ್ತಿದ ಚೀಟಿ ಸಿಕ್ಕಿದೆ. ನನ್ನ ಅಕ್ಷರ. ಕಾಗೆ ಕಾಲಿನ ಹಾಗಿರುವ ಈ ಅಕ್ಷರ ಊರಿಗೆಲ್ಲ ಗೊತ್ತು.

"ಯೇಸುವೇ, ಈ ಕಾಲುಗಳನ್ನು ನಿನ್ನ ಬಾಗಿಲಿಗೆ ತಂದು ನಿಲ್ಲಿಸು."

ಅಷ್ಟೇ. ಬೈಗುಳವಲ್ಲ, ಮಾಟವಲ್ಲ. ವರ್ಷಕ್ಕೊಂದು ಜೊತೆ ಶೂ ಮಾಡಿಕೊಡುತ್ತೇನೆ, ವರ್ಷಕ್ಕೊಂದು ಚೀಟಿ. ಬಲಗಾಲಿನದರಲ್ಲಿ ಮಾತ್ರ. ಅಕ್ಕ ಕೊನೆಯ ವಾರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದಳು, "ಇವರ ವಿಷಯದಲ್ಲಿ ಕೇಳೋದನ್ನ ಮಾತ್ರ ಬಿಡಬೇಡ ಕಣೋ" ಎಂದು. ಬಿಡುವುದಿಲ್ಲ ಎಂದೆ, ಬಿಡಲಿಲ್ಲ. ಸಾಯುವವಳಿಗೆ ಕೊಟ್ಟ ಮಾತು ಅದು. ನನ್ನ ಕೈಗೆ ಬರುವ ಕೆಲಸದಲ್ಲಿ ನನಗೆ ಬರುವ ಒಂದು ಸಾಲಿಟ್ಟು ದೇವರನ್ನು ಕೇಳಿದೆ. ಇದರಲ್ಲಿ ತಪ್ಪೇನು?

ಗುರುವಾರ ನಾನು ಜ್ವರ ಬಿಟ್ಟು ಅಂಗಡಿಗೆ ಹೋದರೆ ಭಾವ ಬೆಂಚಿನ ಮೇಲೆ ಆ ಶೂ ಇಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಚೀಟಿ.

"ಇದು ನಿನ್ನದಾ, ಹುಡುಗಾ?"

ನನ್ನನ್ನು ಇನ್ನೂ ಹುಡುಗ ಎಂದು ಕರೆಯುವವರು ಅವರೊಬ್ಬರೇ.

"ಹೂಂ. ನಂದೇ."

"ನಿನ್ನ ದೇವರ ಹೆಸರು."

"ಹೂಂ."

"ನನ್ನ ಕಾಲ ಕೆಳಗೆ."

ಎಡಗಾಲಿನ ಶೂವನ್ನೂ ಕಳಚಿ ಅದರ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ಎದ್ದು ಹೋದರು. ಊರಿಗೆಲ್ಲ ಶೂ ಹೊಲಿದವರು ಹಗಲು ಹನ್ನೊಂದು ಗಂಟೆಗೆ, ಕಾದ ಟಾರು ರಸ್ತೆಯಲ್ಲಿ, ಬರಿಗಾಲಲ್ಲಿ.

ಮಾರ್ಚ್ ೭, ಶುಕ್ರವಾರ

ಮನೆಗೆ ಹೋಗಿದ್ದೆ. ಅಕ್ಕ ಇದ್ದಾಗ ಬಾಗಿಲು ತಳ್ಳಿಕೊಂಡು ಹೋಗುತ್ತಿದ್ದ ಮನೆ, ಇವತ್ತು ಗಂಟೆ ಒತ್ತಿದೆ. ಭಾವ ಬಾಗಿಲು ಒಂದು ಗೇಣು ತೆರೆದು ಹಿಂದೆ ನಿಂತರು. ಕಾಲಲ್ಲಿ ಬಟ್ಟೆ ಶೂ. ಪೇಟೆ ಅಂಗಡಿಯಿಂದ ತಂದದ್ದು. ಯಾವುದೋ ಮೆಷಿನ್ ಅಂಟಿಸಿದ ಅಟ್ಟೆ, ಎರಡು ತಿಂಗಳೂ ಬರುವುದಿಲ್ಲ. ನನ್ನ ಮುಖಕ್ಕೆ ಹೊಡೆದ ಹಾಗಾಯಿತು.

"ಭಾವ, ಕೆಲಸ ನಿಂತಿದೆ."

"ನಿಲ್ಲಲಿ."

"ಪ್ರಾರ್ಥನೆ ವಿಷ ಅಲ್ಲ ಭಾವ. ನಾನು ನಿಮಗೆ ಕೆಟ್ಟದ್ದು ಬಯಸಿದ್ನಾ?"

"ಎಷ್ಟು ವರ್ಷ ಇಟ್ಟೆ?"

"ಅಕ್ಕ ಹೋದಾಗಿನಿಂದ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮ ಮನೇಲಿ ದೇವರ ಹೆಸರಿರೋ ಕಾಗದ ನೆಲಕ್ಕೆ ಬಿದ್ರೆ ಎತ್ತಿ ಮುತ್ತಿಟ್ಟು ಮೇಲೆ ಇಡ್ತೀವಿ. ಯಾರ ದೇವರಾದ್ರೂ ಸರಿ. ನಿಮ್ಮಕ್ಕನ ಬೈಬಲ್ ಇವತ್ತಿಗೂ ನನ್ನ ತಲೆಗಿಂತ ಎತ್ತರದಲ್ಲಿದೆ. ನೀನು ಹನ್ನೊಂದು ವರ್ಷ ಅವಳ ದೇವರನ್ನ ನನ್ನ ಕೈಲಿ ತುಳಿಸಿದ್ದೀಯ. ಚರಂಡಿ ದಾಟಿದ್ದೀನಿ, ಕಕ್ಕಸಿಗೆ ಹೋಗಿದ್ದೀನಿ, ಅದೇ ಶೂ ಹಾಕ್ಕೊಂಡು."

"ನಮ್ಮಲ್ಲಿ ಹಾಗೆಲ್ಲ ಇಲ್ಲ ಭಾವ. ದೇವರು ಕಾಗದದಲ್ಲಿ ಕೂತಿರೋದಿಲ್ಲ."

"ನಿಮ್ಮಲ್ಲಿ ಇಲ್ಲ. ಕಾಲು ನಂದು."

ಬಾಗಿಲು ಮುಚ್ಚಿತು. ಮೆಟ್ಟಿಲಲ್ಲಿ ನಿಂತು ಇನ್ನೂ ನಾಲ್ಕು ಮಾತು ಗಟ್ಟಿಯಾಗಿ ಹೇಳಿ ಬಂದೆ. ಮುಚ್ಚಿದ ಬಾಗಿಲಿಗೆ ಹೇಳಿದ್ದು ಅದೇ ಮೊದಲಲ್ಲ, ನನ್ನ ಹೆಂಡತಿಯನ್ನು ಕೇಳಿ.

ಮಾರ್ಚ್ ೮, ಶನಿವಾರ

ಬರಲಿಲ್ಲ. ಬರದಿದ್ದರೆ ಬಿಡಲಿ. ತೊಗಲು ಕತ್ತರಿಸಲು ನನಗೇನು ಕೈಯಿಲ್ಲವೇ.

ಮಾರ್ಚ್ ೧೦, ಸೋಮವಾರ

ಒಳ್ಳೆಯ ಕರು ತೊಗಲು ಹಾಳು ಮಾಡಿದೆ. ಎರಡೂ ಎಡಗಾಲಿಗೇ ಕತ್ತರಿಸಿದ್ದೇನೆ. ಎರಡು ಎಡಗಾಲಿನ ನರ್ಸು ಊರಲ್ಲಿದ್ದರೆ ನೋಡಬೇಕು.

ಹನ್ನೆರಡಕ್ಕೆ ಪಾಸ್ಟರ್ ಬಂದರು. ಶೂ ಅಳತೆ ಕೊಡಲು ಅಂತೆ. ಅಳತೆ ನೆಪ, ಬಂದಿದ್ದು ನಾನು ಬರೆಯುತ್ತಿದ್ದೇನೋ ಇಲ್ಲವೋ ನೋಡಲು. ಚೀಟಿಯ ಕಥೆ ಅವರ ಕಿವಿಗೂ ಬಿದ್ದಿದೆ. ನನ್ನ ಹೆಂಡತಿಯ ಬಾಯಿಗೆ ಹೊಲಿಗೆ ಹಾಕುವ ದಾರ ಇನ್ನೂ ಯಾರೂ ನೂತಿಲ್ಲ.

"ಎಂಥಾ ನಂಬಿಕೆಯ ಸಾಕ್ಷಿ ಹಿರಿಯರೇ. ಹನ್ನೊಂದು ವರ್ಷ ಗುಟ್ಟಾಗಿ. ಭಾನುವಾರ ಇದನ್ನ ಸಭೆಗೆ ಹೇಳಬಹುದಾ?" ಎಂದರು.

ಸಂತೋಷವಾಗಬೇಕಿತ್ತು. ಮೈ ಉರಿಯಿತು.

"ಒಂದು ಕಡೆ ಅವರ ಜೊತೆ ಬೆಂಚಲ್ಲಿ ಕೂರಬೇಡ ಅಂತೀರಿ. ಇನ್ನೊಂದು ಕಡೆ ಅವರ ಕಾಲ ಕೆಳಗೆ ಕದ್ದು ಚೀಟಿ ಇಟ್ಟಿದ್ದು ಒಳ್ಳೇದು ಅಂತೀರಿ. ಎದುರಿಗೆ ಕೂತ್ರೆ ಪಾಪ, ಕದ್ದು ಹೋದ್ರೆ ಪುಣ್ಯವಾ?"

"ಗಡಿ ಅನ್ನೋದು ಬೇರೆ, ಸುವಾರ್ತೆ ಅನ್ನೋದು ಬೇರೆ."

"ಕಾಲು ಇಡ್ರಿ ಮೊದಲು" ಎಂದೆ.

ಅಳತೆ ಪಟ್ಟಿ ಸುತ್ತಿದೆ. ಅವರ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಉದ್ದ, ಅರ್ಧ ಬೆರಳು ಅಗಲ. ಇಷ್ಟು ವರ್ಷ ಬಲಗಾಲಿಗೆ ಹತ್ತಿ ತುರುಕಿಕೊಂಡು ಪ್ರಸಂಗ ಮಾಡಿದ್ದಾರೆ ಮಹಾರಾಯರು.

"ಪಾಸ್ಟರ್, ನೀವೇ ಇಜ್ಜೋಡು."

"ಏನು?"

"ನಿಮ್ಮ ಕಾಲು. ಒಂದಕ್ಕೊಂದು ಜೋಡಿಯಿಲ್ಲ. ಭೂಮಿ ಮೇಲೆ ಯಾರ ಕಾಲೂ ಜೋಡಿಯಿರೋದಿಲ್ಲ. ಐವತ್ತೈದು ವರ್ಷದಿಂದ ಅಳೀತಾ ಇದ್ದೀನಿ, ಒಬ್ಬರನ್ನೂ ನೋಡಿಲ್ಲ. ಹಾಗಂತ ಒಂದು ಕಾಲನ್ನ ಮನೇಲಿ ಬಿಟ್ಟು ಬಂದವರನ್ನೂ ನೋಡಿಲ್ಲ."

ಅವರು ನಕ್ಕರು. ಒಳ್ಳೆಯ ಮನುಷ್ಯ, ಚಿಕ್ಕ ವಯಸ್ಸು, ಹೇಳಿಕೊಟ್ಟದ್ದನ್ನು ಹೇಳುತ್ತಾರೆ. ಆದರೂ ಹೋಗುವಾಗ, "ಈಸ್ಟರ್‌ ಮರೀಬೇಡಿ" ಎಂದರು. ಶೂ ಯಾರು ಹೊಲಿಯುತ್ತಾರೆ ಎಂದು ಕೇಳಲಿಲ್ಲ.

ಮಾರ್ಚ್ ೧೩, ಗುರುವಾರ

ಊಟ ಮಾಡುವಾಗ ನನ್ನವಳು ಶುರು ಮಾಡಿದಳು.

"ರೀ, ನಾನೂ ನಿಮ್ಮ ದಿಂಬಿನ ಒಳಗೆ ಒಂದು ಚೀಟಿ ಇಟ್ಟು ಹೊಲಿದಿದ್ದೀನಿ. ಮದುವೆಯಾದ ವರ್ಷದಿಂದ."

"ಏನಂತ?"

"ಈ ಮನುಷ್ಯನ ಬಾಯಿಗೆ ಬೀಗ ಹಾಕು ದೇವರೇ ಅಂತ. ನಲವತ್ತು ವರ್ಷವಾಯ್ತು, ಕೇಳಿಸ್ಕೊಂಡಿಲ್ಲ ಅವನು."

"ಹುಚ್ಚಿ."

"ಯಾಕೆ, ಪ್ರಾರ್ಥನೆ ವಿಷ ಅಲ್ವಲ್ಲ."

ಅವಳು ತಮಾಷೆಗೆ ಹೇಳಿದ್ದು, ನನಗೆ ಗೊತ್ತು. ಗೊತ್ತಿದ್ದೂ ಅವಳು ದಿನಸಿ ಅಂಗಡಿಗೆ ಹೋದಾಗ ದಿಂಬು ಹಿಂಡಿ ನೋಡಿದೆ. ಆಮೇಲೆ ಒಂದು ಮೂಲೆ ಬಿಚ್ಚಿ ಕೈ ಹಾಕಿ ನೋಡಿದೆ. ಹತ್ತಿ ಬಿಟ್ಟು ಏನೂ ಇರಲಿಲ್ಲ. ಬಂದವಳು ಹಾಸಿಗೆ ತುಂಬಾ ಹತ್ತಿ ನೋಡಿ ಸೂಜಿ ದಾರ ತಂದು ಕೊಟ್ಟಳು. ನಾನೇ ಹೊಲಿದೆ. ಜೋಡಿನ ಹೊಲಿಗೆಯೇ ಬಂತು, ಕೆನ್ನೆಗೆ ಚುಚ್ಚುತ್ತದೆ.

ನನ್ನ ದಿಂಬು ಅದು. ಅದರೊಳಗೆ ಕೈ ಹಾಕಲು ಅವಳು ಯಾರು, ಎಂದು ಒಂದು ಗಳಿಗೆ ಎಷ್ಟು ಸಿಟ್ಟು ಬಂದಿತ್ತು. ಅವಳು ಹಾಕಿರಲೇ ಇಲ್ಲ.

ಮಾರ್ಚ್ ೧೪, ಶುಕ್ರವಾರ

ಕೆಲಸವಿಲ್ಲ. ಬೆಂಚಿನ ಆ ತುದಿಯ ಧೂಳು ಒರೆಸಿದೆ. ಅಷ್ಟೇ.

ಮಾರ್ಚ್ ೧೮, ಮಂಗಳವಾರ

ಭಾವ ಬಂದಿದ್ದರು.

ಕೆಲಸಕ್ಕಲ್ಲ. ತಮ್ಮ ರಂಪಿಗೆ, ಸುತ್ತಿಗೆ, ಸಾಣೆಕಲ್ಲು ತೆಗೆದುಕೊಂಡು ಹೋಗಲು. ಬಟ್ಟೆ ಚೀಲ ತಂದಿದ್ದರು. ನಾನು ಮೊಳೆ ಬಾಯಲ್ಲಿಟ್ಟುಕೊಂಡಿದ್ದೆ, ಅದೇ ಒಳ್ಳೆಯದಾಯಿತು, ಮೊದಲಿಗೆ ಬಂದ ಮಾತು ಹೊರಗೆ ಬರಲಿಲ್ಲ.

ಸುತ್ತಿಗೆ ಚೀಲಕ್ಕೆ ಹಾಕಿದ ಮೇಲೆ ಜೇಬಿನಿಂದ ಒಂದು ಲಕೋಟೆ ತೆಗೆದು ಬೆಂಚಿನ ಮೇಲೆ ನನ್ನ ತುದಿಗೆ ತಳ್ಳಿದರು. ಒಳಗೆ ಆರು ಚೀಟಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮಡಿಕೆ ಬಿಡಿಸಿ, ಒಂದರ ಮೇಲೊಂದು ಇಟ್ಟಿದ್ದರು. ಬೆವರು ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದವು.

"ಮನೇಲಿ ಹಳೇ ಐದು ಜೊತೆ ಇದ್ದವು. ಎಲ್ಲಾ ಬಿಚ್ಚಿದೆ. ಅವತ್ತಿನದೂ ಸೇರಿ ಆರು. ಇನ್ನೈದು ಜೊತೆ ಎಲ್ಲೆಲ್ಲಿ ಎಸೆದೆನೋ ನೆನಪಿಲ್ಲ. ಯಾವ ಕಸದಲ್ಲಿ ಕೊಳೀತಾ ಇದ್ದಾವೋ. ಇವನ್ನ ನಾನು ಎಸೆಯೋ ಹಾಗಿಲ್ಲ, ಇಟ್ಕೊಳ್ಳೋ ಹಾಗೂ ಇಲ್ಲ. ಏನ್ ಮಾಡಬೇಕೋ ನಿನಗೆ ಗೊತ್ತಿರುತ್ತೆ."

ನನಗೆ ಗೊತ್ತಿರಲಿಲ್ಲ. ಹಳೆಯ ಶೂ ಎಸೆದಾಗ ಚೀಟಿಯೂ ಹೋಗುತ್ತದೆ ಎಂದು ನಾನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ನನ್ನ ದೇವರ ಹೆಸರಿಗಾಗಿ ಅವರಿಗೆ ಸಂಕಟವಾದಷ್ಟು ನನಗೆ ಆಗಿರಲಿಲ್ಲ. ಮೊಳೆ ಉಗಿದೆ.

"ಭಾವ, ನಾನಾಗಿ ಶುರು ಮಾಡಿದ್ದಲ್ಲ. ಅಕ್ಕ ಹೇಳಿದ್ದು. ಕೇಳೋದನ್ನ ಬಿಡಬೇಡ ಅಂದ್ಲು."

ಅವರ ಕೈ ಚೀಲದ ಮೇಲೆಯೇ ನಿಂತಿತು. "ಅವಳು ನಿನಗೆ ಹಾಗಂದ್ಲಾ?"

"ಆಸ್ಪತ್ರೇಲಿ."

ಅವರು ಬೆಂಚಿನ ಮೇಲೆ, ತಮ್ಮ ತುದಿಯಲ್ಲಿ, ಕೂತರು. ಬೆಂಚಿಗೆ ಹೇಳುವ ಹಾಗೆ ಹೇಳಿದರು.

"ನಿಮ್ಮಕ್ಕ ದಿನಾ ಬೆಳಿಗ್ಗೆ ಕೇಳೋಳು. ಕಾಫಿ ಲೋಟ ಕೊಡುವಾಗ. 'ಇವತ್ತು ನಿಮಗೋಸ್ಕರ ಪ್ರಾರ್ಥನೆ ಮಾಡಲಾ?' ಅಂತ. ಒಂದೊಂದು ದಿನ ಮಾಡು ಅಂತಿದ್ದೆ. ಒಂದೊಂದು ದಿನ ಬೇಡ ಅಂತಿದ್ದೆ. ಬೇಡ ಅಂದ ದಿನ ಸುಮ್ಮನಿರೋಳು. ಮುಖ ಸಣ್ಣ ಮಾಡ್ಕೊಳ್ತಿರಲಿಲ್ಲ. ಮಾರನೇ ದಿನ ಮತ್ತೆ ಕೇಳೋಳು. ಇಪ್ಪತ್ತೇಳು ವರ್ಷ."

"ನನಗೆ ಯಾವತ್ತೂ ಹೇಳಲಿಲ್ಲ ಅವಳು."

"ನಿನಗ್ಯಾಕೆ ಹೇಳಬೇಕು?"

"ಕೊನೇ ದಿನ ಕೇಳಿದ್ಲಾ?"

"ಕೇಳಿದ್ಲು."

"ನೀವೇನಂದ್ರಿ?"

"ಅದು ನಿನಗಲ್ಲ, ಹುಡುಗಾ" ಎಂದರು. ಎದ್ದರು. ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಬಟ್ಟೆ ಶೂವಿನ ಹಿಮ್ಮಡಿ ಈಗಲೇ ಒಂದು ಕಡೆಗೆ ಸವೆದಿದೆ. ಭಾವ ಬಲಗಾಲನ್ನು ಹೊರಗೆ ಒತ್ತಿ ನಡೆಯುತ್ತಾರೆ, ಅಲ್ಲಿಗೆ ಒಂದು ಪಟ್ಟಿ ಹೆಚ್ಚಿಗೆ ಕೊಡಬೇಕು. ಅದು ನನಗೆ ಮಾತ್ರ ಗೊತ್ತು. ಮೆಷಿನ್‌ಗೆ ಏನು ಗೊತ್ತು.

ಮಾರ್ಚ್ ೧೯, ಬುಧವಾರ

ಕೇಳೋದನ್ನ ಬಿಡಬೇಡ ಎಂದಳು. ಯಾರನ್ನು, ದೇವರನ್ನೋ ಭಾವನನ್ನೋ, ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹಾಳಾದವಳು, ಇನ್ನೊಂದು ಮಾತು ಹೆಚ್ಚಿಗೆ ಆಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು.

ಆರು ಚೀಟಿಯನ್ನು ನನ್ನ ಬೈಬಲ್ಲಿನೊಳಗೆ ಇಟ್ಟು ಬೈಬಲ್ಲನ್ನು ಅಟ್ಟದ ಮೇಲಿಟ್ಟೆ. ನನ್ನ ತಲೆಗಿಂತ ಎತ್ತರ. ಇನ್ನು ಓದಬೇಕಾದರೆ ಸ್ಟೂಲು ಹಾಕಿಕೊಳ್ಳಬೇಕು. ನನ್ನವಳು ಏನಿದು ಎಂದಳು. ಧೂಳು ಕೂರುತ್ತದೆ ಅದಕ್ಕೆ ಎಂದೆ.

ಮಾರ್ಚ್ ೨೩, ಭಾನುವಾರ

ಹಿರಿಯರ ಸಭೆ. ಮೇಜಿಗೆ ಹೊಸ ಕಾಲು ಹಾಕಿಸಿದ್ದಾರೆ, ನಾನು ಕೂತ ಕೂಡಲೇ ಎಲ್ಲರೂ ಅದನ್ನೇ ನೋಡಿದರು.

"ಬೇರೆಯಾಗೋದು ಏನಾಯ್ತು?" ಎಂದು ಕೇಳಿದರು.

"ಆಗಿದೆ. ಅವರೇ ಬಿಟ್ಟು ಹೋಗಿದ್ದಾರೆ."

"ದೇವರಿಗೆ ಸ್ತೋತ್ರ" ಎಂದ ಒಬ್ಬ.

"ಸ್ತೋತ್ರ ನಿಲ್ಸು. ವಾಪಸ್ ಬಂದ್ರೆ ನಾನು ಬಿಡೋದಿಲ್ಲ. ಬರದಿದ್ರೆ ಕರ್ಕೊಂಡು ಬರ್ತೀನಿ."

ಗಲಾಟೆಯಾಯಿತು. ಹಾಗಿದ್ದರೆ ಹಿರಿಯನಾಗಿರಲು ಆಗುವುದಿಲ್ಲ ಎಂದರು. ಸರಿ ಎಂದೆ. ಚರ್ಚಿನ ಬೀರುವಿನ ಬೀಗದ ಕೈ ಹದಿನಾಲ್ಕು ವರ್ಷದಿಂದ ನನ್ನ ಸೊಂಟದಲ್ಲಿತ್ತು, ಬಿಚ್ಚಿ ಮೇಜಿನ ಮೇಲಿಟ್ಟೆ. ಮೆತ್ತಗೆ ಇಟ್ಟೆ.

ಪಾಸ್ಟರ್ ಬಾಗಿಲವರೆಗೆ ಬಂದರು. "ಹಾಗಾದ್ರೆ ಗಡಿನೇ ಬೇಡ ಅಂತೀರಾ ಹಿರಿಯರೇ?" ಕೋಪದಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದರು.

"ಬೇಕು ಅಂತೀನಿ. ನೀವು ಬೆಂಚಿನ ನಡುವೆ ಎಳೀತೀರಿ. ಅದು ಅಲ್ಲಿಲ್ಲ. ಅವರ ಶೂವಿನ ಬಾಯಿ ಹತ್ರ ಇದೆ. ನಾನು ಅದನ್ನ ದಾಟಿದ್ದೀನಿ. ಹನ್ನೊಂದು ಸಲ."

"ಅದನ್ನ ಬರೆದ್ರಾ?"

"ಯಾರೂ ಓದೋದಿಲ್ಲ ಅಂದ್ರಲ್ಲ, ನಿಮಗ್ಯಾಕೆ" ಎಂದು ಬಂದೆ.

ಮಾರ್ಚ್ ೨೫, ಮಂಗಳವಾರ

ಮೂರು ದಿನದಿಂದ ಒಂದೇ ಜೊತೆ ಹಿಡಿದು ಕೂತಿದ್ದೇನೆ. ಭಾವನ ಕಾಲಿನ ಮರದ ಅಚ್ಚು ಅಂಗಡಿಯಲ್ಲೇ ಇದೆ. ತೊಗಲು ನಾನೇ ಕತ್ತರಿಸಿದ್ದು. ಅವರು ನೋಡಿದರೆ ನಗುತ್ತಾರೆ, ಹೊಲಿಗೆ ಕುಡುಕನ ನಡಿಗೆಯ ಹಾಗೆ ಹೋಗಿದೆ. ಬಲಗಾಲಿನ ಹಿಮ್ಮಡಿಗೆ ಹೊರಗಡೆ ಒಂದು ಪಟ್ಟಿ ಹೆಚ್ಚಿಗೆ ಕೊಟ್ಟಿದ್ದೇನೆ.

ಅಟ್ಟೆ ಮುಚ್ಚುವ ಹೊತ್ತಿಗೆ ಕೈ ತಾನಾಗಿಯೇ ಕಾಗದಕ್ಕೆ ಹೋಯಿತು. ಮೇಣದ ಕಾಗದ ಅರ್ಧ ಕತ್ತರಿಸಿಯೂ ಆಗಿತ್ತು. ಕೈಗೆ ಬೈದೆ. ಆ ಕಾಗದದಲ್ಲಿ ದಾರಕ್ಕೆ ಹಚ್ಚುವ ಮೇಣ ಸುತ್ತಿಟ್ಟೆ.

ಅಟ್ಟೆ ಹೊಲಿಯಲಿಲ್ಲ. ಎರಡನ್ನೂ ಹಾಗೇ ಬಾಯಿ ತೆರೆದು ಬಿಟ್ಟಿದ್ದೇನೆ. ಅರ್ಧ ಕೆಲಸ ಮಾಡಿ ಕೊಡುವುದು ನನ್ನ ಜನ್ಮದಲ್ಲಿ ಇದೇ ಮೊದಲು. ಈಗ ಹೋಗಿ ಅವರ ಮನೆ ಬಾಗಿಲಲ್ಲಿ ಇಟ್ಟು ಬರುತ್ತೇನೆ. ಗಂಟೆ ಒತ್ತುವುದಿಲ್ಲ. ಜೊತೆಗೆ ಒಂದು ಕಾಗದ, ಅಟ್ಟೆಯ ಒಳಗಲ್ಲ, ಮೇಲೆ, ಶೂ ಕಟ್ಟುವ ಲಾಡಿಗೆ ಸಿಕ್ಕಿಸಿ, ಬೀದಿಯಲ್ಲಿ ಹೋಗುವ ನಾಯಿಗೂ ಕಾಣುವ ಹಾಗೆ. ಏನು ಬರೆದೆ ಎಂದು ನಾಳೆ ಮರೆತುಬಿಡುತ್ತೇನೆ, ಅದಕ್ಕೆ ಇಲ್ಲಿಯೂ ಇಳಿಸಿದ್ದೇನೆ.

"ಭಾವ,

ಒಳಗೆ ಏನೂ ಇಲ್ಲ. ನೀವೇ ಕೈ ಹಾಕಿ ನೋಡಿ ಎಂದೇ ಹೊಲಿದಿಲ್ಲ. ಹೊಲಿಯಲು ಬೆಂಚಿಗೇ ಬರಬೇಕು, ದಪ್ಪ ಸೂಜಿ ನನ್ನ ಹತ್ತಿರ ಇದೆ. ಎಸೆದ ಐದು ಜೊತೆಯ ಪಾಪ ನನ್ನದು, ನಿಮ್ಮದಲ್ಲ.

ಅಕ್ಕ ಹೇಳಿದ್ದನ್ನು ನಾನು ತಪ್ಪು ಕೇಳಿಸಿಕೊಂಡೆ. ಈಗ ಕೇಳುತ್ತಿದ್ದೇನೆ. ನಿಮಗೋಸ್ಕರ ಪ್ರಾರ್ಥನೆ ಮಾಡಲಾ, ಬೇಡವಾ? ಬೇಡ ಎಂದರೆ ಆ ದಿನ ಸುಮ್ಮನಿರುತ್ತೇನೆ. ಮಾರನೇ ದಿನ ಮತ್ತೆ ಕೇಳುತ್ತೇನೆ. ದಿನಾ ನಿಮ್ಮ ಮನೆವರೆಗೆ ನಡೆಯಲು ನನ್ನ ಮಂಡಿಗೆ ಆಗುವುದಿಲ್ಲ, ನೀವೇ ಬೆಂಚಿಗೆ ಬಂದು ಹೇಳಬೇಕು.

ಬಾಯಿ ಬಿಟ್ಟ ಅಟ್ಟೆ ಹೆಚ್ಚು ದಿನ ತಡೆಯುವುದಿಲ್ಲ. ಹೌದೋ ಇಲ್ಲವೋ, ಈ ಶನಿವಾರ ಇಪ್ಪತ್ತೊಂಬತ್ತನೇ ತಾರೀಕಿನೊಳಗೆ ನನಗೆ ಉತ್ತರ ಬೇಕು."